ಮೇಸ್ತ್ರಿಯ ಬೆಕ್ಕು

ಪಿಕಪ್ಪನ ಗಾಡಿ ಕೈಕೊಟ್ಟಿದ್ದು ಮೇಲ್ಸೇತುವೆಯ ಏರಿನಲ್ಲಿ. ಆಕ್ಸಿಲರೇಟರ್ ಮೇಲೆ ಎದ್ದು ನಿಂತರೂ ಅದು ಏದುಸಿರು ಬಿಡುತ್ತಿತ್ತೇ ಹೊರತು ಮೇಲೆ ಹೋಗಲೊಲ್ಲದು. ಪಕ್ಕದಲ್ಲಿ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿಕೊಂಡು ಮುಂದೆ ಹೋದ. ಅವತ್ತು ಬೆಳಿಗ್ಗೆ ಹೊಗೆ ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕಿಂತ ಆ ಗಂಟೆಯೇ ಪಿಕಪ್ಪನಿಗೆ ಹೆಚ್ಚು ನಾಟಿತು.

ಅವನ ನಿಜವಾದ ಹೆಸರು ಹೆಂಡತಿಗೂ ಡ್ರೈವಿಂಗ್ ಲೈಸೆನ್ಸಿಗೂ ಮಾತ್ರ ಗೊತ್ತು. ಬೀದಿಯವರಿಗೆಲ್ಲ ಅವನು ಪಿಕಪ್ಪ, ಅಂದರೆ ಪಿಕಪ್ ಇರುವ ಅಪ್ಪ. ಗಾಡಿ ಹಳೆಯದು. ಎಡಗಡೆಯ ಕಿಟಕಿ ಗಾಜು ಅರ್ಧಕ್ಕೆ ಇಳಿದು ಸಿಕ್ಕಿಕೊಂಡು ವರ್ಷಗಳಾಗಿದ್ದವು. ಬಾಡಿಗೆಗೆ ಕರೆಯುವವರು ದಿನೇದಿನೇ ಕಮ್ಮಿಯಾಗುತ್ತಿದ್ದಾಗ ಕೆಳಗಿನ ಮನೆಯ ಓನರಮ್ಮ ದೇವರಂತೆ ಕೈಹಿಡಿದಿದ್ದರು. ಅವರ ಬೇಕರಿಯ ಬ್ರೆಡ್ಡನ್ನು ಅಂಗಡಿ ಅಂಗಡಿಗೆ ಹಂಚುವ ಕೆಲಸ ಮರುದಿನ ಬೆಳಿಗ್ಗೆಯಿಂದ ಪಿಕಪ್ಪನದು.

"ಆದ್ರೆ ಗಾಡಿ ಹೊಗೆ ಪರೀಕ್ಷೆ ಪಾಸಾಗಿರ್ಬೇಕಪ್ಪ," ಎಂದಿದ್ದರು ಓನರಮ್ಮ. "ಕೊಳೆತ ಮೊಟ್ಟೆ ವಾಸನೆ ಬರೋ ಬ್ರೆಡ್ಡನ್ನ ಯಾರು ತಿಂತಾರೆ? ಆಗ್ಲಿಲ್ಲ ಅಂದ್ರೆ ಎದುರುಮನೆಯವರ ಅಳಿಯಂಗೆ ಹೇಳ್ಬಿಡ್ತೀನಿ."

ಎದುರುಮನೆಯವರೆಂದರೆ ವಾರ್ತೆ ಮಾವ. ಕೆಲಸದಿಂದ ನಿವೃತ್ತರಾದ ಮೇಲೆ ಬೀದಿಯ ಸುದ್ದಿಯನ್ನೆಲ್ಲ ಬಿಸಿಬಿಸಿಯಾಗಿ ಮನೆಮನೆಗೆ ಮುಟ್ಟಿಸುವುದೇ ಅವರ ಉದ್ಯೋಗ. ಅವರ ಅಳಿಯನ ಹತ್ತಿರ ಮೂರು ಚಕ್ರದ ಹೊಚ್ಚ ಹೊಸ ಗಾಡಿಯಿತ್ತು.

ತೆವಳುತ್ತಾ ರಿಪೇರಿ ಶೆಡ್ಡಿಗೆ ಬಂದ ಗಾಡಿಯನ್ನು ಮೆಕ್ಯಾನಿಕ್ ಮೇಸ್ತ್ರಿ ಜಾಕಿ ಕೊಟ್ಟು ಎತ್ತಿದ. ಕೆಳಗೆ ತೂರಿ ರಬ್ಬರಿನ ಸುತ್ತಿಗೆಯಿಂದ ಎರಡು ಏಟು ಹಾಕಿದ. ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಗಲಗಲ ಸದ್ದಾಯಿತು.

"ಬೆಕ್ಕು ಸತ್ತಿದೆಯಣ್ಣ," ಎಂದ ಮೇಸ್ತ್ರಿ ಕೆಳಗಿನಿಂದಲೇ.

ಪಿಕಪ್ಪನಿಗೆ ಆಶ್ಚರ್ಯವಾಗಲಿಲ್ಲ. ಮೇಸ್ತ್ರಿಯ ಶೆಡ್ಡಿನಲ್ಲಿ ಹಾರ್ನು ಎಂದರೆ ಕೊಂಬು, ಬಾನೆಟ್ಟು ಎಂದರೆ ಟೋಪಿ. ಸೈಲೆನ್ಸರಿಗಿಂತ ಮುಂಚೆ ಕೂತು ಹೊಗೆಯ ವಿಷ ತೆಗೆಯುವ ಕಬ್ಬಿಣದ ಗಡಿಗೆಗೆ ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಹೆಸರು. ಬಿಡಿಭಾಗದ ಅಂಗಡಿಯವರು ಅದನ್ನು ಮೊಟಕು ಮಾಡಿ ಕ್ಯಾಟ್ ಅಂದರು. ಮೇಸ್ತ್ರಿ ಅದನ್ನೇ ಬೆಕ್ಕು ಮಾಡಿಕೊಂಡ.

"ಒಳಗೆ ಜೇನುಗೂಡಿನ ಥರ ಇರುತ್ತಲ್ಲ, ಅದು ಒಡೆದು ದಾರಿ ಕಟ್ಕೊಂಡಿದೆ. ಹೊಗೆ ಆಚೆ ಹೋಗ್ದೆ ಇದ್ರೆ ಗಾಡಿ ಏರು ಹತ್ತುತ್ತಾ? ಪ್ಲಗ್ಗೂ ಹಾಳಾಗಿದೆ. ಅದನ್ನ ಹಾಗೇ ಬಿಟ್ರೆ ಹೊಸ ಬೆಕ್ಕೂ ಸುಟ್ಟುಹೋಗುತ್ತೆ. ಎರಡೂ ಹಾಕ್ತೀನಿ, ನೀನು ಮನೆಗೆ ಹೋಗಿರು."

ಪಿಕಪ್ಪ ನಡೆದುಕೊಂಡು ಬಂದಾಗ ಓನರಮ್ಮ ಬೇಕರಿ ಬಾಗಿಲಲ್ಲಿ ಹಾಲಿನ ಬಟ್ಟಲು ಹಿಡಿದು ನಿಂತಿದ್ದರು.

"ನಮ್ಮ ದೊರೆ ಎಲ್ಲಾದ್ರೂ ಕಂಡ್ನೇನಪ್ಪಾ? ನಿನ್ನೆಯಿಂದ ಪತ್ತೆಯಿಲ್ಲ."

ದೊರೆ ಅವರ ಬೆಕ್ಕು. ಬೀದಿಯಲ್ಲಿ ಅದರ ನಡಿಗೆಯೇ ಬೇರೆ. ಗಾಡಿಗಳೇ ಅದಕ್ಕೆ ದಾರಿ ಬಿಡಬೇಕಿತ್ತು.

"ಇತ್ತೀಚೆಗೆ ತುಂಬಾ ದಪ್ಪಗಾಗಿದ್ದ ಅಂತ ಹಾಲು ಕಮ್ಮಿ ಮಾಡಿದ್ದೆ. ಗಂಡಸರಿಗೆ ಹೊಟ್ಟೆ ಬರಬಾರ್ದು ನೋಡು. ಅಷ್ಟಕ್ಕೇ ಮುನಿಸ್ಕೊಂಡು ಹೋಗ್ಬಿಟ್ಟಿದ್ದಾನೆ," ಎಂದು ಓನರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಕಣ್ಣಿಗೆ ಬಿದ್ದರೆ ಹೇಳುತ್ತೇನೆಂದು ಪಿಕಪ್ಪ ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಫೋನ್ ಬಂತು. ಅವನ ಫೋನು ಸ್ಪೀಕರಿನಲ್ಲಿ ಹಾಕಿದರೆ ಮಾತ್ರ ಕೇಳಿಸುತ್ತಿತ್ತು. ಹಾಕಿದ. ವಾರ್ತೆ ಮಾವ ತಮ್ಮ ಗೇಟಿಗೆ ಎಣ್ಣೆ ಬಿಡುವ ನೆವದಲ್ಲಿ ಕಿವಿ ನಿಮಿರಿಸಿದ್ದು ಅವನಿಗೆ ಕಾಣಲಿಲ್ಲ.

"ಅಣ್ಣ, ನಿನ್ ಬೆಕ್ಕು ತುಂಬಾ ಸತಾಯಿಸ್ತು," ಎಂದಿತು ಫೋನು. "ಎಳೆದ್ರೂ ಬರ್ಲಿಲ್ಲ, ಎಣ್ಣೆ ಬಿಟ್ರೂ ಬರ್ಲಿಲ್ಲ. ಕೊನೆಗೆ ಬೆಂಕಿ ಹಿಡಿದು ಕಾಯಿಸಿ, ಕೊಯ್ದೇ ತೆಗೆದೆ."

"ಅಯ್ಯೋ, ಬಾಲದ ಕಡೆಗೆ ಏನೂ ಆಗಿಲ್ಲ ತಾನೆ?" ಎಂದ ಪಿಕಪ್ಪ. ಅವನಿಗೆ ಹಿಂದಿನ ಪೈಪಿನ ಚಿಂತೆ.

"ಬಾಲ ಗಟ್ಟಿಯಾಗಿದೆ. ಸತ್ತ ಬೆಕ್ಕನ್ನ ಡಬ್ಬಕ್ಕೆ ಹಾಕಿ ಇಟ್ಟಿರ್ತೀನಿ, ಸಂಜೆ ಮರೀದೆ ತಗೊಂಡ್ಹೋಗು."

ವಾರ್ತೆ ಮಾವನ ಕೈಯಿಂದ ಎಣ್ಣೆ ಡಬ್ಬಿ ಜಾರಿತು.

ಮಧ್ಯಾಹ್ನದ ಹೊತ್ತಿಗೆ ಪಿಕಪ್ಪನಿಗೆ ಏನೋ ಎಡವಟ್ಟಾಗಿದೆ ಅನ್ನಿಸತೊಡಗಿತು. ಇಸ್ತ್ರಿ ಅಂಗಡಿಯವನು ಅವನ ನಮಸ್ಕಾರಕ್ಕೆ ಮುಖ ತಿರುಗಿಸಿದ. ಪಕ್ಕದ ಮನೆಯಾಕೆ ಅವನನ್ನು ಕಂಡವಳೇ ತನ್ನ ನಾಯಿಯನ್ನು ಒಳಗೆ ಎಳೆದುಕೊಂಡು ಚಿಲಕ ಹಾಕಿದಳು. ಊಟಕ್ಕೆ ಕೂತಾಗ ಹೆಂಡತಿ ಬಡಿಸುವುದನ್ನು ನಿಲ್ಲಿಸಿ ಪಿಸುಗುಟ್ಟಿದಳು.

"ನಿಜ ಹೇಳ್ರೀ. ನನ್ನ ಹತ್ರ ಆದ್ರೂ ಹೇಳಿ. ಗಾಡಿ ಕೆಳಗೆ ಸಿಕ್ಕಿಹಾಕ್ಕೊಂಡಿತ್ತಾ?"

"ಏನು?"

"ದೊರೆ."

ಪಿಕಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ನೀರು ಕುಡಿದು, ಕನ್ವರ್ಟರಿನ ವಂಶಾವಳಿಯನ್ನೆಲ್ಲ ಬಿಡಿಸಿ ಹೇಳಿದ. ಹೆಂಡತಿ ಎಲ್ಲ ಕೇಳಿಕೊಂಡು, "ಇದನ್ನ ಯಾರೂ ನಂಬಲ್ಲ, ಬೇರೆ ಏನಾದ್ರೂ ಯೋಚನೆ ಮಾಡಿ," ಎಂದಳು.

ಸಂಜೆ ಗಾಡಿ ತಗ್ಗು ಏರು ಲೆಕ್ಕಿಸದೆ ಕುದುರೆಯಂತೆ ಓಡಿತು. ಹೊಗೆ ಪರೀಕ್ಷೆಯೂ ಒಂದೇ ಸಲಕ್ಕೆ ಪಾಸು. ಆದರೆ ಬೀದಿಗೆ ತಿರುಗಿ ಮನೆ ಹತ್ತಿರ ಬಂದ ಪಿಕಪ್ಪ ಗಕ್ಕನೆ ಬ್ರೇಕ್ ಒತ್ತಿದ. ಬೇಕರಿ ಮುಂದೆ ಅರ್ಧ ಬೀದಿ ನೆರೆದಿತ್ತು. ನಡುವೆ ಕುರ್ಚಿಯಲ್ಲಿ ಓನರಮ್ಮ, ಕಣ್ಣು ಕೆಂಪು. ಅವರ ಬೆನ್ನ ಹಿಂದೆ ವಾರ್ತೆ ಮಾವ, ಮಾವನ ಬೆನ್ನ ಹಿಂದೆ ಅಳಿಯ.

"ಅಗೋ ಡಬ್ಬ!" ಎಂದು ಮಾವ ಗಾಡಿಯ ಸೀಟಿನತ್ತ ಬೆರಳು ಮಾಡಿದರು.

ಹಳೆಯ ಸಾಮಾನನ್ನು ಗಾಡಿಯವರ ಕೈಗೇ ಒಪ್ಪಿಸುವುದು ಮೇಸ್ತ್ರಿಯ ಪದ್ಧತಿ, ನಾಳೆ ಕದ್ದ ಮಾರಿದ ಎಂಬ ಮಾತು ಬರಬಾರದಲ್ಲ. ದಾರ ಕಟ್ಟಿದ ರಟ್ಟಿನ ಡಬ್ಬದ ಮೇಲೆ ಅವನದೇ ದಪ್ಪಕ್ಷರವಿತ್ತು: ಸತ್ತ ಬೆಕ್ಕು.

ಜನ ಒಂದು ಹೆಜ್ಜೆ ಹಿಂದೆ ಸರಿದರು. "ಏನು ಕಲ್ಲೆದೆಯಪ್ಪ ನಿಂದು!" ಎಂದು ಓನರಮ್ಮ ಅಳತೊಡಗಿದರು.

"ಅಮ್ಮಾ, ನೀವೇ ಬಿಚ್ಚಿ ನೋಡಿ. ನೋಡಿದ್ಮೇಲೆ ಕೆಲಸ ಕೊಡಿ, ಬಿಡಿ," ಎಂದು ಪಿಕಪ್ಪ ಡಬ್ಬವನ್ನು ಅವರ ಮುಂದಿಟ್ಟ.

ಓನರಮ್ಮ ಒಂದು ಕಣ್ಣು ಮುಚ್ಚಿಕೊಂಡು ದಾರ ಬಿಚ್ಚಿದರು. ತುಕ್ಕು ಹಿಡಿದ ಕಬ್ಬಿಣದ ಗಡಿಗೆ ಹೊರಬಂತು. ಓರೆ ಮಾಡಿದಾಗ ಬೂದು ಬಣ್ಣದ ಚೂರುಗಳು ಪುಳಪುಳನೆ ಉದುರಿದವು. ಪಿಕಪ್ಪ ಹೊಗೆಯಿಂದ ಹಿಡಿದು ಬೆಕ್ಕಿನವರೆಗೆ ಮತ್ತೆ ಎಲ್ಲವನ್ನೂ ಹೇಳಿದ. ಓನರಮ್ಮ ಮೊದಲು ಬಿಟ್ಟ ಬಾಯಿ ಬಿಟ್ಟಂತೆಯೇ ಕೇಳಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಡೀ ಬೀದಿ ನಕ್ಕಿತು. ವಾರ್ತೆ ಮಾವ ಅಳಿಯನ ಭುಜ ಹಿಡಿದು ಮೆಲ್ಲಗೆ ಜಾಗ ಖಾಲಿ ಮಾಡಿದರು.

"ಬೆಳಿಗ್ಗೆ ಬೇಗ ಬಂದು ಬ್ರೆಡ್ ತುಂಬಿಸ್ಕೋ. ಕೆಲಸ ನಿಂದೇ," ಎಂದರು ಓನರಮ್ಮ. ಪಿಕಪ್ಪನಿಗೆ ಹೋದ ಜೀವ ಬಂದಂತಾಯಿತು. ಗಾಡಿಯನ್ನು ಬೇಕರಿ ಮುಂದೆಯೇ ನಿಲ್ಲಿಸಿ ಹೋಗಿ, ಗಡದ್ದಾಗಿ ನಿದ್ದೆ ಮಾಡಿದ.

ಬೆಳಿಗ್ಗೆ ಎದ್ದು ಗಾಡಿಯ ಬಾಗಿಲು ತೆಗೆದರೆ, ಸೀಟಿನ ಹಿಂದೆ ಮಡಿಸಿಟ್ಟಿದ್ದ ಹಳೆಯ ಕಂಬಳಿಯ ಮೇಲಿಂದ ಎರಡು ಕಣ್ಣು ಅವನನ್ನು ದುರುಗುಟ್ಟಿ ನೋಡಿದವು. ದೊರೆ! ರಾತ್ರಿ ಅರ್ಧ ತೆರೆದ ಕಿಟಕಿಯಿಂದ ಒಳಗೆ ನುಗ್ಗಿತ್ತು. ಪಿಕಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ.

"ಓನರಮ್ಮಾ! ಬನ್ನಿ ಬನ್ನಿ! ನಿಮ್ಮ ದೊರೆ ಸಿಕ್ದ!"

ಓನರಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದರು. ಬಗ್ಗಿ ನೋಡಿ ಹಾಗೇ ನಿಂತುಬಿಟ್ಟರು. ದೊರೆಯ ಹೊಟ್ಟೆಗೆ ಅಂಟಿಕೊಂಡು ನಾಲ್ಕು ಪುಟ್ಟ ಮರಿಗಳು ಹಾಲು ಕುಡಿಯುತ್ತಿದ್ದವು.

"ಅಯ್ಯೋ ನನ್ ಕಂದಾ, ನೀನು ಹೆಣ್ಣೇನೇ!" ಎಂದು ಓನರಮ್ಮ ಕಣ್ಣೀರು ಸುರಿಸಿದರು. "ಬಸುರಿಗೆ ಹಾಲು ಕಮ್ಮಿ ಮಾಡಿದ್ನಲ್ಲೇ ನಾನು, ಪಾಪಿ!"

ಪಿಕಪ್ಪ ಹಿಗ್ಗಿನಿಂದ, "ಬ್ರೆಡ್ ತುಂಬಿಸ್ಲಾ ಅಮ್ಮ?" ಎಂದ.

"ಶ್! ಮೆಲ್ಲಗೆ ಮಾತಾಡು. ಬಾಗಿಲು ಮೆಲ್ಲಗೆ ಹಾಕು. ಮರಿಗಳು ಕಣ್ಣು ಬಿಟ್ಟು ಓಡಾಡೋವರ್ಗೂ ಈ ಗಾಡಿ ಒಂದಿಂಚೂ ಅಲ್ಲಾಡ್ಬಾರ್ದು."

"ಮರಿಗಳನ್ನ ಬುಟ್ಟಿಗೆ ಹಾಕಿ ಒಳಗಿಟ್ರೆ..."

"ಮುಟ್ಟಿದ್ರೆ ಅವಳು ಮತ್ತೆ ಎಲ್ಲಿಗಾದ್ರೂ ಎತ್ಕೊಂಡು ಹೋಗ್ತಾಳೆ. ನಿಂಗೇನು ಗೊತ್ತು ತಾಯಿ ಕಷ್ಟ?"

"ಮತ್ತೆ ಬ್ರೆಡ್ಡು?"

ಓನರಮ್ಮ ಎದುರುಮನೆ ಕಡೆ ನೋಡಿದರು. ಅಲ್ಲಿ ಗೇಟಿನ ಹತ್ತಿರ ಆಗಲೇ ಮೂರು ಚಕ್ರದ ಗಾಡಿ ಶುರುವಾಗಿತ್ತು. ವಾರ್ತೆ ಮಾವ ಅಳಿಯನ ಪಕ್ಕದಲ್ಲಿ ಕೂತು ಪಿಕಪ್ಪನತ್ತ ಕೈಬೀಸಿದರು.

ಬ್ರೆಡ್ಡಿನ ಟ್ರೇಗಳು ಒಂದೊಂದಾಗಿ ಅತ್ತ ಹೋಗುವುದನ್ನು ನೋಡುತ್ತಾ ಪಿಕಪ್ಪ ಮೆಟ್ಟಿಲ ಮೇಲೆ ಕೂತ. ಫೋನ್ ಬಂತು. ಅಭ್ಯಾಸದಂತೆ ಸ್ಪೀಕರಿಗೆ ಹಾಕಿದ.

"ಏನಣ್ಣ, ಹೊಸ ಬೆಕ್ಕು ಹೇಗಿದೆ? ಸರಿಯಾಗಿ ಕೂತಿದ್ಯಾ?"

"ಚೆನ್ನಾಗಿ ಕೂತಿದೆ ಮೇಸ್ತ್ರಿ," ಎಂದ ಪಿಕಪ್ಪ. "ನಾಲ್ಕು ಮರಿ ಹಾಕಿದೆ."