ಇಬ್ಬರಿಗೆ ಒಂದು ಆಟ ಬೇಕಾಗಿದೆ

ವಯಸ್ಸಾದ ಮೇಲೆ ಆಡಲು ಜೊತೆ ಸಿಗುವುದಿಲ್ಲ ಎಂದು ಜನ ಕೊರಗುತ್ತಾರೆ. ನನ್ನ ಅನುಭವ ಹೇಳುವುದಾದರೆ ಜೊತೆ ಹೇಗೋ ಸಿಗುತ್ತದೆ, ಆಟ ಸಿಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಆಟಕ್ಕೇನು ಬರ ಎಂದು ನೀವು ಕೇಳಬಹುದು. ಗೌರಿ ಹಬ್ಬದ ಹಿಂದಿನ ದಿನ ಗಾಂಧಿಬಜಾರಿನಲ್ಲಿ ಹೂವಿಗೂ ಬರವಿರುವುದಿಲ್ಲ, ಆದರೆ ಅಷ್ಟು ಗುಡ್ಡೆಗಳನ್ನು ಕೆದಕಿದರೂ ದೇವರಿಗೆ ಮುಡಿಸುವಂಥ ಒಂದು ಮೊಳ ಸಿಗದೆ ವಾಪಸು ಬಂದವಳು ನಾನು. ಆಟದ ವಿಷಯದಲ್ಲೂ ಅದೇ ಆಯಿತು. ಜಯನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿ ಕೂದಲು ನರೆಸಿಕೊಂಡವಳು, ಮದುವೆಯಾಗದೆ ಹನುಮಂತನಗರದ ಮನೆಯಲ್ಲೇ ಉಳಿದವಳು, ಚಿಕ್ಕವಳಿದ್ದಾಗಲೂ ಕುಂಟೆಬಿಲ್ಲೆಯಲ್ಲಿ ಬರೀ ತೀರ್ಪು ಹೇಳುವ ಕೆಲಸ ಮಾಡುತ್ತಿದ್ದವಳು, ಒಂದಿಡೀ ಬೇಸಿಗೆ ಕಂಪ್ಯೂಟರಿನ ಮುಂದೆ ಕೂತು ‘ಇಬ್ಬರು ಆಡುವ ಒಳ್ಳೆಯ ಆಟ’ ಎಂದು ಹುಡುಕಿದೆ. ಕಾರಣ ನನ್ನ ತಂಗಿ ವಸು.

ವಸು ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದಳು. ಗಂಡ ಶಿವಾನಂದ ಗದಗಿನ ಕಡೆಯವನು, ಸಿವಿಲ್ ಎಂಜಿನಿಯರ್. ಇಬ್ಬರೂ ಬಿಟಿಎಂನಲ್ಲಿ ಎದುರುಬದುರು ಬಾಡಿಗೆ ಮನೆಯಲ್ಲಿದ್ದಾಗ ಪರಿಚಯವಾಗಿ ಮದುವೆಯಾದವರು. ‘ಹುಡುಗ ಒಳ್ಳೆಯವನೇ, ಆದರೆ ದಿನಾ ರೊಟ್ಟಿ ತಿನ್ನೋ ಜನ’ ಎಂದು ನಮ್ಮಮ್ಮ ಮದುವೆಯ ಮಂಟಪದಲ್ಲೂ ಮುಖ ಸಪ್ಪಗೆ ಮಾಡಿಕೊಂಡಿದ್ದಳು. ಆಮೇಲೆ ಕೊನೆಗಾಲದಲ್ಲಿ ಅದೇ ಹುಡುಗ ಮಾಡಿದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದು ಸತ್ತಳು. ಅವರಿಬ್ಬರೂ ಇಟ್ಟಮಡುವಿನಲ್ಲಿ ಮಹಡಿ ಮನೆ ಮಾಡಿಕೊಂಡು ಮಕ್ಕಳಿಲ್ಲದಿದ್ದರೂ ಜಗಳವಾಡಿಕೊಂಡು ಸುಖವಾಗಿದ್ದರು. ಅಷ್ಟರಲ್ಲಿ ವಸುವಿಗೆ ಅಂಡಾಶಯದ ಕ್ಯಾನ್ಸರ್ ಬಂತು. ಚಿಕಿತ್ಸೆಯಾಯಿತು, ಹೋಯಿತು ಎಂದರು. ಒಂದು ವರ್ಷ ತುಂಬುವುದರೊಳಗೆ ಮತ್ತೆ ಬಂತು. ‘ಹೋಗಿ ಬರ್ತೀನಿ ಅಂತ ಹೇಳೇ ಹೋಗಿತ್ತು ಅನ್ಸುತ್ತೆ ಅಕ್ಕ. ಈ ಸಲ ಲಗೇಜು ಜಾಸ್ತಿ ತಂದಿದೆ’ ಎಂದಳು ವಸು. ನಾನು ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದೆ.

ಎರಡನೇ ಸಲದ ಕೀಮೋ ಅವಳನ್ನು ಅರೆದುಹಾಕಿತು. ಪ್ರತಿ ಸಲ ಆಸ್ಪತ್ರೆಯಿಂದ ಬಂದ ಮೇಲೆ ರಕ್ತದ ಕಣಗಳು ಇಳಿದುಹೋಗುತ್ತಿದ್ದವು. ಸೋಂಕು ತಗಲುತ್ತದೆ, ಯಾರೂ ಮನೆಗೆ ಬರುವ ಹಾಗಿಲ್ಲ ಎಂದರು ಡಾಕ್ಟರು. ನಾನು ದಿನಕ್ಕೆರಡು ಸಲ ಫೋನ್ ಮಾಡಿ ‘ಹೇಗಿದ್ದೀಯೇ’ ಎನ್ನುತ್ತಿದ್ದೆ. ಒಂದು ದಿನ ಅವಳು ಸೌಮ್ಯವಾಗಿಯೇ ಹೇಳಿದಳು.

‘ಅಕ್ಕ, ಇನ್ಮೇಲೆ ಫೋನ್ ಮಾಡ್ಬೇಡ.’

‘ಯಾಕೇ?’

‘ನೀನು ಹೇಗಿದ್ದೀಯ ಅಂತೀಯ. ನಾನು ಪರ್ವಾಗಿಲ್ಲ ಅಂತೀನಿ. ಆಮೇಲೆ ಇಬ್ಬರೂ ಉಸಿರಾಡ್ತಾ ಕೂತಿರ್ತೀವಿ. ಅತ್ತೆ ಫೋನ್ ಮಾಡಿ ಗೋಮೂತ್ರ ಅಂತಾರೆ, ಆಫೀಸಿನೋರು ಪಾಸಿಟಿವ್ ಆಗಿರಿ ಅಂತಾರೆ. ಸುಸ್ತಾಗುತ್ತೆ. ಏನಾದ್ರೂ ಆಡೋಕೆ ಹುಡುಕು, ಆಡೋಣ. ಮಾತು ಬೇಡ.’

ಕೇಳಲು ಸುಲಭವಾಗಿತ್ತು. ಆದರೆ ಕೀಮೋದಿಂದ ಅವಳ ಬೆರಳ ತುದಿಗಳು ಮರಗಟ್ಟಿ ಹೋಗಿದ್ದವು. ಮೊಬೈಲಿನ ಗಾಜು ಮುಟ್ಟಿದ್ದೂ ತಿಳಿಯುತ್ತಿರಲಿಲ್ಲ, ಮುಟ್ಟದೇ ಇದ್ದದ್ದೂ ತಿಳಿಯುತ್ತಿರಲಿಲ್ಲ. ಮೌಸ್ ಆದರೆ ಅಂಗೈಯಲ್ಲಿ ಹಿಡಿದು ಸಂಭಾಳಿಸುತ್ತಿದ್ದಳು. ಇದ್ದ ಲ್ಯಾಪ್‌ಟಾಪ್ ಕಂಪನಿಯದು, ಅದರಲ್ಲಿ ಹೊಸದೇನನ್ನೂ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ. ಹಾಗಾಗಿ ಬ್ರೌಸರ್ ತೆರೆದರೆ ಸಾಕು, ತಾನೇ ಬಂದು ಕೂರುವಂಥ ಆಟವೇ ಆಗಬೇಕು. ಅದನ್ನು ಅವಳು ಇಟ್ಟಮಡುವಿನಲ್ಲಿ, ನಾನು ಹನುಮಂತನಗರದಲ್ಲಿ ಕೂತು ಒಟ್ಟಿಗೆ ಆಡುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಚೆನ್ನಾಗಿರಬೇಕು. ‘ರೋಗಿಗೆ ಅಂತ ಏನೋ ಒಂದು ತರಬೇಡ. ಗಂಜಿ ಕುಡಿದು ಸಾಕಾಗಿದೆ’ ಎಂದಿದ್ದಳು.

ಮೊದಲು ಸಿಕ್ಕಿದ್ದು ಹುಳುಗಳ ಆಟ. ನಾವು ಪುಟ್ಟ ಹುಳುಗಳಾಗಿ ಹುಟ್ಟಿ, ಅಲ್ಲಲ್ಲಿ ಬಿದ್ದ ಕಾಳು ತಿಂದು ಉದ್ದವಾಗಬೇಕು, ಇನ್ನೊಬ್ಬರಿಗೆ ಡಿಕ್ಕಿ ಹೊಡೆಯಬಾರದು. ಲೋಕದ ಎಲ್ಲ ಮೂಲೆಗಳ ಹುಳುಗಳೂ ಅಲ್ಲಿ ಹರಿದಾಡುತ್ತಿದ್ದವು. ನಾನು ಹುಟ್ಟಿದ ಕೂಡಲೇ ಬನಶಂಕರಿ ಬಸ್‌ಸ್ಟ್ಯಾಂಡಿನಷ್ಟು ಉದ್ದದ ಒಂದು ಹುಳು ನನ್ನನ್ನು ಸುತ್ತುಹಾಕಿ ಮುಗಿಸಿತು. ವಸು ನನಗಿಂತ ಸ್ವಲ್ಪ ಹೊತ್ತು ಬಾಳಿದಳು. ಕೊನೆಗೆ ಇಬ್ಬರ ತೆರೆಯ ಮೇಲೂ ‘ನೀವು ಸತ್ತಿದ್ದೀರಿ, ಮತ್ತೆ ಆಡುವಿರಾ’ ಎಂದು ಇಂಗ್ಲಿಷಿನಲ್ಲಿ ಮೂಡಿತು. ಆಟ ಹುಡುಕುವಾಗ ಇದೊಂದು ನನಗೆ ಹೊಳೆದೇ ಇರಲಿಲ್ಲ. ಏನು ಸಮಾಧಾನ ಹೇಳಲಿ ಎಂದು ಒದ್ದಾಡುತ್ತಿರುವಾಗ ವಸುವಿನ ಮೆಸೇಜು ಬಂತು: ‘ನಮ್ಮ ಡಾಕ್ಟರಿಗಿಂತ ಇವರೇ ವಾಸಿ. ಸುತ್ತಿಬಳಸಿ ಮಾತಾಡಲ್ಲ.’

ಆಮೇಲೆ ಲೂಡೋ ಆಡಿದೆವು. ಪ್ರತಿ ಸಲ ದಾಳ ಉರುಳುವ ಮುಂಚೆ ಒಂದು ಜಾಹೀರಾತು ಬರುತ್ತಿತ್ತು. ದಟ್ಟ ಕೂದಲಿನ ಹುಡುಗಿಯೊಬ್ಬಳು ಎಣ್ಣೆ ಶೀಶೆ ಹಿಡಿದು ನಗುತ್ತಿದ್ದಳು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೂತ ನನ್ನ ತಂಗಿ ಅದನ್ನು ನೋಡುತ್ತಿದ್ದಾಳೆ ಎಂದು ನೆನೆದು ನಾನೇ ಆಟ ನಿಲ್ಲಿಸಿದೆ. ಟ್ಯಾಂಕ್‌ಗಳ ಆಟದಲ್ಲಿ ನಾನು ನನಗೇ ಗುಂಡು ಹೊಡೆದುಕೊಂಡೆ. ಅದು ಸಾಧ್ಯವಿಲ್ಲ ಎಂದು ನಿಯಮದಲ್ಲಿ ಬರೆದಿತ್ತಂತೆ. ಕೋಟೆ ಕಟ್ಟುವ ಒಂದು ಆಟ ಮಾತ್ರ ನನಗೆ ಬಹಳ ಹಿಡಿಸಿತು. ಬೇಲಿ, ಕಣಜ, ಬಾವಿ, ಎಲ್ಲ ನಿಧಾನವಾಗಿ ಬೆಳೆಯುತ್ತಿದ್ದವು. ವಸುವೂ ಎರಡು ದಿನ ಕಲ್ಲು ಹೊತ್ತಳು. ಮೂರನೇ ದಿನ ಅರಮನೆಗೆ ಬುನಾದಿ ಹಾಕಿದಾಗ ಅದು ದಸರಾ ಹೊತ್ತಿಗೆ ಸಿದ್ಧವಾಗುತ್ತದೆ ಎಂದು ತೋರಿಸಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ‘ಬೇರೆ ನೋಡೋಣ್ವಾ ಅಕ್ಕ’ ಎಂದಳು. ನಾನು ಆ ಪುಟವನ್ನು ಮುಚ್ಚಿದೆ. ನಮ್ಮ ಬಾವಿಯಲ್ಲಿ ಈಗಲೂ ನೀರಿರಬಹುದು.

ಕೊನೆಗೆ ಸಿಕ್ಕಿದ್ದು ಚಿತ್ರದ ಆಟ. ಒಬ್ಬರಿಗೆ ಒಂದು ಪದ ಬರುತ್ತದೆ, ಅವರು ಅದನ್ನು ಮೌಸಿನಲ್ಲಿ ಗೀಚಬೇಕು. ಇನ್ನೊಬ್ಬರು ಗಡಿಯಾರ ಓಡಿ ಮುಗಿಯುವುದರೊಳಗೆ ಆ ಪದವನ್ನು ಊಹಿಸಿ ಟೈಪ್ ಮಾಡಬೇಕು. ಬೇರೆ ಯಾರೂ ನುಗ್ಗದಂತೆ ನಮ್ಮದೇ ಕೋಣೆ ಮಾಡಿಕೊಳ್ಳಬಹುದಿತ್ತು. ಇಂಗ್ಲಿಷ್ ಪದಗಳು ಬೇಡವಾದರೆ ನಮ್ಮದೇ ಪದಗಳನ್ನು ಹಾಕಬಹುದಿತ್ತು. ನಾವು ಕನ್ನಡ ಹಾಕಿದೆವು. ಪದದಲ್ಲಿ ಎಷ್ಟು ಅಕ್ಷರ ಎಂದು ಗೆರೆ ಎಳೆದು ತೋರಿಸುವ ಆ ಯಂತ್ರಕ್ಕೆ ಕೊಂಬು, ದೀರ್ಘಗಳೂ ಬೇರೆ ಬೇರೆ ಅಕ್ಷರ. ಮೂರಕ್ಷರದ ‘ಒರಳು’ ಪದಕ್ಕೆ ನಾಲ್ಕು ಗೆರೆ. ಅದರ ಲೆಕ್ಕ ನಮಗೆ ಅರ್ಥವಾಗುವ ಹೊತ್ತಿಗೆ ಒಂದು ವಾರ ಜಗಳವಾಡಿದ್ದೆವು.

ಇಬ್ಬರಿಗೂ ಚಿತ್ರ ಬರೆಯಲು ಬರುತ್ತಿರಲಿಲ್ಲ. ಅವಳಿಗೆ ಬೆರಳಿನ ನೆಪವಾದರೂ ಇತ್ತು. ನಾನು ಬಿಡಿಸಿದ ಹಸುವನ್ನು ಅವಳು ಹಾರ್ಮೋನಿಯಂ ಎಂದಳು. ಅವಳು ಬಿಡಿಸಿದ ಅಂಬೊಡೆಯನ್ನು ನಾನು ಗ್ರಹಣ ಎಂದೆ. ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕಂಪ್ಯೂಟರ್ ಹಾಕುತ್ತಿದ್ದೆ. ಹಾಲು ಉಕ್ಕಿ ಒಲೆಯೆಲ್ಲ ಕಪ್ಪಾಯಿತು. ಪಕ್ಕದ ಮನೆಯವರು ಇವಳು ಒಬ್ಬಳೇ ಕೂತು ನಗುತ್ತಾಳೆ ಎಂದು ಮಾತಾಡಿಕೊಂಡರು. ವಸು ಊಟ ಮಾಡದಿದ್ದ ದಿನವೂ ಆಡಿದಳು. ಒಮ್ಮೆ ಆಟದ ನಡುವೆ ಎದ್ದುಹೋಗಿ ವಾಂತಿ ಮಾಡಿ ಬಂದು, ‘ಗೆದ್ದೆ ಅಂದ್ಕೋಬೇಡ, ನನ್ನ ಸರದಿ ಇನ್ನೂ ಇದೆ’ ಎಂದು ಬರೆದಳು.

ಮಳೆ ಶುರುವಾದ ಮೇಲೆ ಒಂದು ಶನಿವಾರ ಮಧ್ಯಾಹ್ನ, ಅವಳು ಪದಗಳನ್ನು ಹಾಕಿದ್ದಳು, ಚಿತ್ರ ಬರೆಯುವ ಸರದಿಯೂ ಅವಳದೇ. ತೆರೆಯ ಮೇಲೆ ಒಂದು ಉದ್ದನೆಯ ಬಾಳೆ ಎಲೆ ಬಂತು. ನಾನು ‘ಊಟ’ ಎಂದೆ, ತಪ್ಪು. ಎಲೆಯ ಮೇಲೆ ಒಂದು ಕೈ, ಬೆರಳು ಅಗಲಿಸಿ ಎಲೆಯನ್ನು ಮುಚ್ಚಿಕೊಂಡಿತ್ತು. ‘ಹಸ್ತ’ ಎಂದೆ, ಅದೂ ತಪ್ಪು. ಮೇಲಿಂದ ಬಡಿಸುವವರ ಸೌಟು ಬಂತು. ‘ಬಡಿಸು’ ಎಂದೆ. ಆಮೇಲೆ ಅವಳು ನಿಧಾನವಾಗಿ, ನಡುಗುವ ಗೆರೆಯಲ್ಲಿ, ಸೌಟಿನ ಹಿಂದೆ ಒಂದು ಬಾಟಲಿ ಬರೆದಳು. ಬಾಟಲಿಯಿಂದ ಇಳಿದು ಬಂದು ಸೌಟಿಗೆ ಸೇರುವ ಒಂದು ಕೊಳವೆ. ಬಾಟಲಿ ತೂಗುಹಾಕಿದ ಕಂಬ.

ಕೆಳಗೆ ನಾಲ್ಕು ಗೆರೆಗಳಿದ್ದವು. ನನಗೆ ಪದ ಗೊತ್ತಾಯಿತು. ಊಟದ ಪಂಕ್ತಿಯಲ್ಲಿ ಕೂತು ಎಲೆಗೆ ಕೈ ಅಡ್ಡ ಹಿಡಿದವರ ಬಾಯಲ್ಲಿ ಇನ್ನೇನು ಬರುತ್ತದೆ? ನಾನು ‘ಪಾಯಸ’ ಎಂದು ಟೈಪ್ ಮಾಡಿದೆ. ಗಡಿಯಾರ ಓಡುತ್ತಿತ್ತು. ‘ಮಜ್ಜಿಗೆ’ ಎಂದೆ. ‘ತುಪ್ಪ’ ಎಂದೆ. ಅವಳು ಇನ್ನೊಂದು ಗೆರೆ ಎಳೆಯಲಿಲ್ಲ, ಸುಮ್ಮನೆ ಕಾಯುತ್ತಿದ್ದಳು. ಸಮಯ ಮುಗಿಯಿತು. ಯಂತ್ರಕ್ಕೆ ದಾಕ್ಷಿಣ್ಯವಿಲ್ಲ, ಸರಿಯಾದ ಪದವನ್ನು ತಾನೇ ಬರೆದು ತೋರಿಸಿತು: ‘ಸಾಕು’.

ಫೋನ್ ಹೊಡೆದುಕೊಂಡಿತು. ಅವಳೇ.

‘ಗೊತ್ತಾಗಿತ್ತು ತಾನೆ?’

‘ಪಾಯಸ ಅಂದ್ಕೊಂಡೆ.’

‘ಪಾಯಸಕ್ಕೆ ಯಾರಾದ್ರೂ ಪೈಪ್ ಹಾಕ್ತಾರಾ ಅಕ್ಕ?’

ನಾನು ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

‘ಕೀಮೋ ಇನ್ನೂ ಹಾಕಿದ್ರೂ ಅಷ್ಟೆ, ಹಾಕದಿದ್ರೂ ಅಷ್ಟೆ ಅಂತ ಡಾಕ್ಟರ್ ಹೇಳಾಯ್ತು. ನಾನೇ ಕೇಳಿದೆ. ಇವರು ಔಷಧಿ ತರೋಕೆ ಹೋಗಿದ್ರು. ಇವರಿಗೆ ಹೇಳೋಕೆ ಬಾಯಿ ಬರ್ತಿಲ್ಲ. ನೀನು ಮಾಸ್ಕ್ ಹಾಕ್ಕೊಂಡು ಬಾ. ನಾನೇ ಹೇಳ್ತೀನಿ, ನೀನು ಪಕ್ಕದಲ್ಲಿ ಕೂತಿರು ಸಾಕು. ಧೈರ್ಯ ಗೀರ್ಯ ಹೇಳ್ಬೇಡ.’

ಆಟೋ ಹಿಡಿದು ಹೋದೆ. ವಸು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ಶಿವಾನಂದ ನೆಲ ನೋಡುತ್ತ ಕೇಳಿಸಿಕೊಂಡ. ವಾದ ಮಾಡುತ್ತಾನೆ, ಅಳುತ್ತಾನೆ, ಇನ್ನೊಂದು ಆಸ್ಪತ್ರೆ ಎನ್ನುತ್ತಾನೆ ಎಂದು ನಾನು ಕಾದಿದ್ದೆ. ಅವನು ‘ಮೊದಲ ಚಾ ಮಾಡ್ತೀನ್ರಿ’ ಎಂದು ಎದ್ದುಹೋದ. ಅಡುಗೆಮನೆಯಲ್ಲಿ ಬಹಳ ಹೊತ್ತು ನಲ್ಲಿ ಸುರಿಯುವ ಸದ್ದು ಕೇಳುತ್ತಿತ್ತು. ಆಮೇಲೆ ಮೂರು ಲೋಟ ತಂದಿಟ್ಟ. ಚಹಾಪುಡಿ ಹಾಕುವುದನ್ನೇ ಮರೆತಿದ್ದ. ಬರೀ ಬಿಸಿ ಹಾಲು, ನೀರು, ಸಕ್ಕರೆ. ಮೂವರೂ ಅದನ್ನು ಚಹಾ ಎಂದೇ ಕುಡಿದೆವು. ಲೋಟ ಕೆಳಗಿಟ್ಟು ಅವನು ವಸುವಿಗೆ, ‘ನೀ ಹೆಂಗಂತಿ ಹಂಗ’ ಎಂದ.

ಕೀಮೋ ನಿಂತ ಮೇಲೆ ಕೆಲವು ವಾರ ಅವಳು ಚೆನ್ನಾಗಿಯೇ ಇದ್ದಳು. ಈಗ ನಾನು ಯಾವಾಗ ಬೇಕಾದರೂ ಹೋಗಬಹುದಿತ್ತು. ಎದುರಿಗೇ ಕೂತು ಮಾತಾಡಬಹುದಲ್ಲ ಎಂದರೆ ಕೇಳಲಿಲ್ಲ. ಒಬ್ಬರ ತೆರೆ ಒಬ್ಬರಿಗೆ ಕಂಡರೆ ಮೋಸವಾಗುತ್ತದೆ ಎಂದು ಮೊಬೈಲ್ ಹಿಡಿಸಿ ನನ್ನನ್ನು ನಡುಮನೆಯಲ್ಲಿ ಕೂರಿಸಿ ತಾನು ರೂಮಿನಲ್ಲಿ ಮಲಗಿ ಆಡಿದಳು. ಗೋಡೆಯಾಚೆಯಿಂದ ‘ಅದೇನೇ ಅದು, ಆನೆಗೆ ಯಾರೇ ಕೈ ಬರೀತಾರೆ’ ಎಂದು ಬೈಗುಳ ಬರುತ್ತಿತ್ತು. ಕ್ರಮೇಣ ಬೈಗುಳ ಸಣ್ಣದಾಯಿತು. ನೋವಿನ ಔಷಧಿ ಹೆಚ್ಚಿಸಿದ ಮೇಲೆ ಮೌಸ್ ಹಿಡಿದ ಹಾಗೆಯೇ ನಿದ್ದೆಹೋಗುತ್ತಿದ್ದಳು. ತೆರೆಯ ಮೇಲೆ ಅವಳ ಗೆರೆ ಎಲ್ಲಿಗೋ ಹೋಗಿ ನಿಂತಿರುತ್ತಿತ್ತು. ಅದು ಏನು ಎಂದು ನಾನು ಸಮಯ ಮುಗಿಯುವವರೆಗೂ ಊಹಿಸುತ್ತಿದ್ದೆ. ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಶಿವಾನಂದ ಹಲ್ಲುಜ್ಜಿಸಲು ನೀರು ತರುವಷ್ಟರಲ್ಲಿ ಅವಳು ಹೋಗಿಬಿಟ್ಟಳು.

ವೈಕುಂಠ ಸಮಾರಾಧನೆ ಮುಗಿಯಿತು. ಕಂಪನಿಯವರು ಬಂದು ಲ್ಯಾಪ್‌ಟಾಪ್ ತೆಗೆದುಕೊಂಡು ಹೋದರು. ನಾನು ಕಾಲೇಜಿಗೆ ಹೋದೆ, ಬಂದೆ, ಚಪ್ಪಲಿಯನ್ನು ನಿಧಾನವಾಗಿ ಬಿಟ್ಟೆ. ಹೀಗಿರುವಾಗ ಒಂದು ಭಾನುವಾರ ಶಿವಾನಂದನ ಮೆಸೇಜು ಬಂತು: ‘ಅಕ್ಕಾರ, ಆ ಚಿತ್ರದ ಆಟ ನನಗೂ ಕಲಸ್ತೀರೇನು?’ ಪಾಪ, ಒಂಟಿಯಾಗಿದ್ದಾನೆ, ನಾನಲ್ಲದೆ ಇನ್ಯಾರು ಎಂದು ಒಪ್ಪಿದೆ. ಅಂಥ ನೀರಸ ಆಟವನ್ನು ನಾನು ಜನ್ಮದಲ್ಲಿ ಆಡಿಲ್ಲ. ಎಂಜಿನಿಯರಲ್ಲವೇ, ಮನೆ ಎಂದರೆ ಪ್ಲಾನ್ ಬರೆಯುತ್ತಿದ್ದ. ಕಂಬ, ತೊಲೆ, ಕಿಟಕಿಯ ಚೌಕಟ್ಟು ಎಲ್ಲ ನೆಟ್ಟಗೆ. ಬೆಕ್ಕಿಗೂ ಮೂಲೆಗಳಿರುತ್ತಿದ್ದವು. ಬೈಯುತ್ತಲೂ ಇರಲಿಲ್ಲ. ನಾನು ಏನು ಗೀಚಿದರೂ ‘ಚಲೋ ಬಂದೈತ್ರಿ’ ಎನ್ನುತ್ತಿದ್ದ. ಆದರೂ ಪ್ರತಿ ಭಾನುವಾರ ಸಂಜೆ ತಪ್ಪದೆ ಕೂತೆ. ದುಃಖದಲ್ಲಿರುವವನಿಗಾಗಿ ಇಷ್ಟಾದರೂ ತ್ಯಾಗ ಮಾಡುತ್ತಿದ್ದೇನಲ್ಲ ಎಂದು ನನ್ನ ಬಗ್ಗೆ ನನಗೇ ಸ್ವಲ್ಪ ಗೌರವ ಬೆಳೆದಿತ್ತು.

ಕಾರ್ತಿಕದ ಒಂದು ಭಾನುವಾರ ಅವನು ಆಟದ ನಡುವೆ ನಿಲ್ಲಿಸಿ ಫೋನ್ ಮಾಡಿದ.

‘ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನಿಮಗ ಈಗ ಸ್ವಲ್ಪ ಸಮಾಧಾನ ಆಗಿದ್ರ ಆಟ ಬಿಡೂಣೇನ್ರಿ? ನೀವು ಒಬ್ಬಾಕಿನ ಇರ್ತೀರಿ ಅಂತ ನಿಮ್ಮ ಸಲುವಾಗಿ ಆಡಾಕತ್ತಿದ್ದೆ. ನನಗ ಇದರಾಗ ಅಷ್ಟ ರುಚಿ ಇಲ್ರಿ.’

‘ನನಗೋಸ್ಕರನಾ?’ ಎಂದೆ. ‘ನಾನು ನಿಮಗೋಸ್ಕರ ಆಡ್ತಿದ್ದೆ.’

‘ಹಂಗಾದ್ರ ಇದೊಂದು ಮುಗಿಸಿಬಿಡೂಣ್ರಿ’ ಎಂದ ಅವನು. ಸರದಿ ನನ್ನದಿತ್ತು, ಪದ ನವಿಲು. ಇನ್ನು ಆಡುವುದಿಲ್ಲ ಎಂದಾದ ಮೇಲೆ ಭಯವೇನು, ನನ್ನ ಶಕ್ತಿಯೆಲ್ಲ ಹಾಕಿ ಗರಿ ಗರಿಯಾಗಿ ಬಿಡಿಸಿದೆ. ಅವನು ‘ಪೊರಕೆ’ ಎಂದ. ಆಮೇಲೆ ‘ಹಳೇ ಪೊರಕೆ’ ಎಂದ. ಅವನ ಸರದಿಯಲ್ಲಿ ಮೂಲೆಮೂಲೆಯಾಗಿ ಏನನ್ನೋ ಬರೆದ, ಅದು ಆಮೆಯಂತೆ, ನನಗೆ ಗೊತ್ತಾಗಲಿಲ್ಲ. ಅವನೇ ಗೆದ್ದ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಬೇಕೆಂದೇ ಸೋಲುತ್ತಿದ್ದೆ ಎಂದುಕೊಂಡಿದ್ದವಳು ನಾನು. ಫೋನ್ ತೆಗೆದು, ‘ನಾಳೆ ಸಂಜೆ ಆರಕ್ಕೆ ಕೂತಿರಿ, ಎಲ್ಲೂ ಹೋಗ್ಬೇಡಿ’ ಎಂದೆ.