ದೊಡ್ಡ ಟೈರು, ನನ್ನ ಗೇಣು

ನನ್ನ ಅಳತೆ ಎಂದೂ ತಪ್ಪಿದ್ದಲ್ಲ. ನನ್ನ ಓದು ಸಹಿ ಮಾಡುವ ಮಟ್ಟಿಗಷ್ಟೇ, ಆದರೆ ನನ್ನ ಗೇಣು ಟೇಪಿಗೆ ಸಮ. (ದರ್ಜಿ ಶೇಖಪ್ಪನೇ ಒಪ್ಪಿದ ಮಾತು.) ಹೀಗಿದ್ದೂ ನಮ್ಮ ಪಿಕಪ್ ಗಾಡಿ ನನಗೆ ಯಾಕೆ ಮೋಸ ಮಾಡಿತೋ, ಇನ್ನೂ ತಿಳಿದಿಲ್ಲ.

ಹೊಲದ ದಾರಿಯ ಕಲ್ಲುಗಳು ಗಾಡಿಯ ಹೊಟ್ಟೆಗೆ ಬಡಿಯುತ್ತವೆಂದು ಮಗ ರುದ್ರೇಶ ದಾಂಡೇಲಿಯಲ್ಲಿ ದೊಡ್ಡ ಟೈರು ಹಾಕಿಸಲು ಹೊರಟ. ಸೊಸೆ ಜ್ಯೋತಿ ಅಡ್ಡಬಂದಳು.

"ಗಾಡಿ ಎತ್ತರ ಆಗಿ ಶೆಡ್ಡಿನ ಬಾಗಲದಾಗ ಹಿಡಿಸೂದಿಲ್ಲ."

"ಹಿಡಸ್ತೈತಿ," ಎಂದೆ.

"ಪಣಾ ಏನ್ರಿ ಅತ್ತಿ?"

"ಉಳವಿ ಜಾತ್ರಿಗೆ ಹೋಗೂವಾಗ ಮುಂದಿನ ಸೀಟು."

ಆ ಸೀಟು ಯಾವಾಗಲೂ ಜ್ಯೋತಿಯದು. (ಹಿಂದೆ ಕುಳಿತರೆ ಅವಳಿಗೆ ವಾಂತಿಯಂತೆ.) ನಾನು ಓಣಿಯವರ ಜೊತೆ ಹಿಂದೆ, ಬಂದ ದಾರಿಗೆ ಮುಖ ಮಾಡಿ. ಹನ್ನೊಂದು ವರ್ಷದಿಂದ ಉಳವಿಯ ದಾರಿಯನ್ನು ನಾನು ಹಿಂದುಮುಂದಾಗಿಯೇ ನೋಡಿದ್ದೇನೆ.

ಅಂದು ಸಂಜೆ ಗೋವಿನಜೋಳದ ಚೀಲ ಹೇರಿಕೊಂಡು ಗಾಡಿ ಬಂದಾಗ ಕೋಲು ಹಿಡಿದು ಎರಡೆರಡು ಸಲ ಅಳೆದೆ. ಗಾಡಿಯ ಹಿಂದಿನ ಕಬ್ಬಿಣದ ಕಮಾನು ನೆಲದಿಂದ ಹತ್ತು ಗೇಣು. ಬಾಗಿಲ ತೊಲೆ ಹತ್ತು ಗೇಣು ಮೂರು ಬೆರಳು. ಹೊಸ ಟೈರಿಗೆ ಗಾಡಿ ಎರಡು ಬೆರಳು ಏಳುತ್ತದೆಂದು ಟೈರಿನವನೇ ಹೇಳಿದ್ದ. ಉಳಿಯಿತು ಒಂದು ಬೆರಳು.

ಟೈರು ಬಂದವು. ಮತ್ತೆ ಅಷ್ಟೇ ಚೀಲ ಗೋವಿನಜೋಳ ಹೇರಿಕೊಂಡು ಬಂದ ಗಾಡಿ ಸರಿಯಾಗಿ ಒಂದು ಬೆರಳು ಬಿಟ್ಟು ಒಳಗೆ ಹೋಯಿತು. ನಾನು ಓಣಿಗೆಲ್ಲ ಆ ಬೆರಳು ತೋರಿಸಿದೆ. ಚೀಲಗಳನ್ನು ಅಲ್ಲೇ ಶೆಡ್ಡಿನಲ್ಲಿ ಇಳಿಸಿದರು.

ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಓಣಿಯ ಒಂಬತ್ತು ಮಂದಿ ಶೆಡ್ಡಿನ ಹೊರಗೆ ನಿಂತಿದ್ದರು. ನಾನು ಇಳಕಲ್ ಸೀರೆಯುಟ್ಟು ಮುಂದಿನ ಸಿಂಹಾಸನದಲ್ಲಿ ವಿರಾಜಮಾನಳಾಗಿದ್ದೆ. ರುದ್ರೇಶ ಗಾಡಿಯನ್ನು ಹಿಂದಕ್ಕೆ ತೆಗೆದ. ಧಡ್! ಕಮಾನು ತೊಲೆಗೆ ಬಡಿಯಿತು.

"ಒಂದ ದಿನದಾಗ ಗಾಡಿ ಬೆಳೀತೇನ?" ಎಂದಳು ಪಕ್ಕದ ಮನೆಯ ಗುರುಬಸವ್ವ.

ಜ್ಯೋತಿ ನಕ್ಕಳು. "ಹೇರು ಇಳಿಸಿದ ಮ್ಯಾಲೆ ಗಾಡಿ ಮ್ಯಾಲೆ ಏಳ್ತೈತ್ರಿ ಅತ್ತಿ. ನೀವು ಅಳದದ್ದು ಹೇರಿದ ಗಾಡಿ."

ಇಳಿಸಿದರೆ ಏಳುವುದು, ಏರಿಸಿದರೆ ಇಳಿಯುವುದು. ಇದ್ಯಾವ ನ್ಯಾಯ?

"ಟೈರಿನ ಗಾಳಿ ಬಿಡೋ," ಎಂದೆ.

"ಆಮ್ಯಾಲೆ ಉಳವಿತನಾ ನೀ ಊದ್ಕೋತ ಬರ್ತೀಯೇನವ್ವಾ?" ಎಂದ ರುದ್ರೇಶ.

ಒಂಬತ್ತು ಮಂದಿಯನ್ನೂ ಹಿಂದೆ ಹತ್ತಿಸಿದ. ಗಾಡಿ ತಗ್ಗಿತು, ಆದರೂ ಕಮಾನು ತೊಲೆಯನ್ನು ಸವರುತ್ತಿತ್ತು. ಎಲ್ಲರೂ ನನ್ನತ್ತ ನೋಡಿದರು.

"ನಾನೂ ಗಾಡ್ಯಾಗ ಅದೀನಲ್ಲ!"

"ಮುಂದ ಕುಂತ್ರ ಹಿಂದ ತಗ್ಗೂದಿಲ್ಲವ್ವ," ಎಂದ ಮಗ.

ಮೇಲಿನಿಂದ ಗುರುಬಸವ್ವ ಎಳೆದಳು, ಕೆಳಗಿನಿಂದ ಜ್ಯೋತಿ ನೂಕಿದಳು. (ದೊಡ್ಡ ಟೈರಿನ ಮಹಿಮೆ, ಹತ್ತಲು ನಾಲ್ಕು ಪ್ರಯತ್ನ.) ನಾನು ಕುಳಿತ ಮೇಲೆ ಗಾಡಿ ಬೆಣ್ಣೆಯಂತೆ ಹೊರಬಂತು. ಇಳಿದು ಮುಂದೆ ಹೋಗೋಣವೆಂದು ನೋಡಿದರೆ, ಸಿಂಹಾಸನದಲ್ಲಿ ಜ್ಯೋತಿ! ಹನ್ನೆರಡನೆಯ ಸಲವೂ ಬಂದ ದಾರಿಯನ್ನೇ ನೋಡುತ್ತ ಹೋದೆ.

ಸಂಜೆ ಮನೆ ಮುಂದೆ ಗಾಡಿ ನಿಂತಿತು. ಸೊಂಟ ಹಿಡಿದುಕೊಂಡು ಒಂದು ಕಾಲು ಕೆಳಗೆ ಚಾಚಿದ್ದೆ. ಮುಂದಿನಿಂದ ಜ್ಯೋತಿ ತಲೆ ಹೊರಹಾಕಿದಳು.

"ಅತ್ತೀ, ಇಳೀಬ್ಯಾಡ್ರಿ. ಗಾಡಿ ಇನ್ನ ಒಳಗ ಹೋಗಬೇಕು."