ಫ್ರಿಜ್ಜಿನೊಳಗೆ ಮಲಗಿದ ಕಾಡು

ಶಿಡ್ಲಘಟ್ಟದ ರೇಷ್ಮೆ ಇಲಾಖೆಯ ರಾಮಾಂಜಿನಪ್ಪನವರು ಡಿಸೆಂಬರ್‌ನ ಒಂದು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು, ಮಹತ್ತರ ಸಂಗತಿಯೊಂದನ್ನು ಲೋಕಕ್ಕೆ ಅರುಹುವವರಂತೆ, "ಯಶೋದಾ, ಮರಗಳಿಗೆ ನಿದ್ದೆ ಬೇಕು ಕಣೇ" ಎಂದರು.

ಹೆಂಡತಿ ಯಶೋದಮ್ಮ ನೆನೆದ ಅವರೆಕಾಳು ಹಿತುಕುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. "ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ಯಶೋದಂಗೂ ನಿದ್ದೆ ಬೇಕು ಅಂತ ಒಂದಿನಾನಾದ್ರೂ ಅಂದಿದ್ದೀರಾ?"

ಮರ ಎಂದರೆ ಹಿತ್ತಲಿನ ಹಲಸೋ ಬೇವೋ ಅಲ್ಲ. ರಾಮಾಂಜಿನಪ್ಪನವರ ಪ್ರಾಣಪದಕಗಳಾದ ಏಳು ಜಪಾನಿ ಮೇಪಲ್ ಗಿಡಗಳು. ಆಯಸ್ಸೆಲ್ಲ ರೈತರಿಗೆ 'ಹಿಪ್ಪುನೇರಳೆ ಹೀಗೆ ಕತ್ತರಿಸಿ, ಹಾಗೆ ಕತ್ತರಿಸಿ' ಎಂದು ಹೇಳಿ ಹೇಳಿ, ಹುಳುವಿನ ಹೊಟ್ಟೆಗೆ ಹೋಗದ ಒಂದಾದರೂ ಗಿಡ ತನಗಿರಲಿ ಎಂಬ ಆಸೆ ಅವರಿಗೆ ಹುಟ್ಟಿತ್ತು. ಎರಡು ವರ್ಷದ ಹಿಂದೆ ಊಟಿಗೆ ಹೋದವರು ಎಲ್ಲರಂತೆ ಚಾಕೊಲೇಟು, ನೀಲಗಿರಿ ಎಣ್ಣೆ ತರದೆ ಈ ಸಸಿಗಳನ್ನು ಮಡಿಲಲ್ಲಿಟ್ಟುಕೊಂಡು ಬಂದರು. ತಟ್ಟೆಯಂಥ ಕುಂಡದಲ್ಲಿ ಅವನ್ನು ನೆಟ್ಟು ಬೋನ್ಸಾಯ್ ಕಾಡು ಮಾಡಿದರು. ಎತ್ತರದ್ದು ಮುಂದೆ ಕೊಂಚ ಎಡಕ್ಕೆ, ಕುಳ್ಳಗಿದ್ದವು ಹಿಂದೆ ಹಿಂದೆ. ಬುಡದಲ್ಲಿ ಬಾವಿಕಟ್ಟೆಯಿಂದ ಕಿತ್ತು ತಂದ ಪಾಚಿ. ನಡುವೆ ಮರಳಿನ ಒಂದು ಕಾಲುದಾರಿ, ಕೊನೆಯ ಗಿಡದ ಹತ್ತಿರ ತಿರುಗಿ ಮಾಯವಾಗುತ್ತಿತ್ತು. ಕೊಂಬೆಗಳಿಗೆ ತಂತಿ ಸುತ್ತಿ, ಬೇಕಾದ ಕಡೆಗೆ ಬಾಗಿಸಿದರು. ("ನಿಮ್ಮನ್ನ ಬಗ್ಸಕ್ಕೆ ಇಂಥಾ ತಂತಿ ನಂಗೆ ಎಲ್ಲೂ ಸಿಗಲಿಲ್ಲ ನೋಡಿ" ಎಂದು ಯಶೋದಮ್ಮ ಆಗಲೇ ನಿಟ್ಟುಸಿರಿಟ್ಟಿದ್ದರು.)

ಸಂಜೆ ಆಫೀಸಿನಿಂದ ಬಂದವರು ಅಡುಗೆಮನೆಯಲ್ಲಿ ಕುಂಡದ ಮುಂದೆ ಮಣೆ ಹಾಕಿಕೊಂಡು, ಕಣ್ಣನ್ನು ಕಾಡಿನ ನೆಲಕ್ಕೆ ಸರಿಯಾಗಿಟ್ಟು, ಮೆಲ್ಲಗೆ ಒಳಗೆ ಹೋಗಿಬಿಡುತ್ತಿದ್ದರು. ಒಳಗೆ ತೆಳುವಾದ ಮಂಜು. ಕಣ್ಣಿಗೆ ಕಾಣದ ಒಂದು ತೊರೆಯ ಜುಳುಜುಳು. ಹೆಜ್ಜೆ ಇಟ್ಟರೆ ಪಾಚಿ ಮೆತ್ತಗೆ ಕುಸಿಯುತ್ತಿತ್ತು, ನಕ್ಷತ್ರದಂಥ ಎಲೆಯೊಂದು ತೇಲಿ ಬಂದು ಹೆಗಲ ಮೇಲೆ ಕೂರುತ್ತಿತ್ತು. ಮೀಟಿಂಗ್ ಇಲ್ಲ, ಮೇಲಧಿಕಾರಿ ಇಲ್ಲ. ಇನ್ನೇನು ದಾರಿಯ ತಿರುವು ಬಂತು ಎನ್ನುವಾಗ, ಯಾವುದೋ ದೂರದೇಶದಿಂದ ಕೂಗು ಕೇಳುತ್ತಿತ್ತು: "ಏನ್ರೀ, ಹಾಲು ಉಕ್ತು! ಪಕ್ಕದಲ್ಲೇ ಕೂತಿದ್ದೀರಲ್ಲ!"

ಆದರೆ ಕಾಡು ಸೊರಗುತ್ತಿತ್ತು. ನಮ್ಮ ಬಿಸಿಲಿಗೆ ಎಲೆಯ ಅಂಚು ಸುಡುತ್ತಿತ್ತು. ಚಳಿಗಾಲವೆಂಬ ಚಳಿಗಾಲವೇ ಇಲ್ಲದ ಊರಿನಲ್ಲಿ ಮೇಪಲ್ ಮಲಗುವುದಿಲ್ಲ, ಮಲಗದಿದ್ದರೆ ಬಹಳ ದಿನ ಬದುಕುವುದಿಲ್ಲ ಎಂದು ಯಾವುದೋ ವಿಡಿಯೋ ನೋಡಿ ತಿಳಿದ ದಿನ ರಾಮಾಂಜಿನಪ್ಪನವರಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ನಂದಿಬೆಟ್ಟದ ತುದಿಯೂ ಸಾಲದು. ಮನೆಯಲ್ಲಿ ಅಷ್ಟು ತಣ್ಣಗಿದ್ದದ್ದು ಒಂದೇ ಜಾಗ.

"ಫ್ರಿಜ್ಜಾ?" ಯಶೋದಮ್ಮ ಈಗ ತಲೆ ಎತ್ತಿದರು. "ಅವರೆಕಾಯಿ ಕಾಲ ಕಣ್ರೀ ಇದು! ಹಿತುಕಿದ ಬೇಳೆ ಎಲ್ಲಿಡ್ಲಿ, ನಿಮ್ಮ ತಲೆ ಮೇಲೆ ಇಡ್ಲಾ?"

"ಎರಡೇ ತಿಂಗಳು ಕಣೇ. ಆಮೇಲೆ ನೋಡು, ಕೆಂಪು ಚಿಗುರು!"

"ಸರಿ, ಒಂದು ಮೂಲೇಲಿ ಇಟ್ಕೊಳ್ಳಿ. ಹಣ್ಣಿನ ಪಕ್ಕ."

"ಅಯ್ಯೋ, ಹಣ್ಣು ಬೇಡ! ಹಣ್ಣಿಂದ ಒಂಥರಾ ಗಾಳಿ ಬರುತ್ತಂತೆ, ಗಿಡಕ್ಕೆ ಆಗಲ್ವಂತೆ. ಮೇಪಲ್ ಇರೋ ಕಡೆ ಆಪಲ್ ಇಡಂಗಿಲ್ಲ."

ಅಂದೇ ಬೇಳೆ, ಹಿಟ್ಟು, ತುಪ್ಪ, ಹೂವು ಎಲ್ಲವೂ ಪಕ್ಕದ ಮನೆಯ ಫ್ರಿಜ್ಜಿಗೆ ವಲಸೆ ಹೋದವು. ಸುಟ್ಟ ಎಲೆಗಳನ್ನೆಲ್ಲ ಕೀಳಿಸಿಕೊಂಡು ಬೋಳಾದ ಕಾಡು ಪಟ್ಟದರಸಿಯಂತೆ ಒಳಗೆ ಬಿಜಯಂಗೈದಿತು. ಬಾಗಿಲನ್ನು ಒಂದು ಕ್ಷಣವೂ ತೆರೆಯಕೂಡದು ಎಂದು ಆಜ್ಞೆಯಾಯಿತು.

ಮರುದಿನವೇ ಯಶೋದಮ್ಮನವರ ತಾಯಿ ಮುನಿಗಂಗಮ್ಮ ತೊಂಡೇಬಾವಿಯಿಂದ ಒಂದು ಮೂಟೆ ಅವರೆಕಾಯಿ ಹೊರಿಸಿಕೊಂಡು ಬಂದಿಳಿದರು. ನೀರು ಕುಡಿಯಲೆಂದು ಫ್ರಿಜ್ಜು ತೆರೆದವರು ಅಲ್ಲೇ ನಿಂತರು.

"ಯಶೋದಮ್ಮಾ, ಸೌದೆ ಹಳಸುತ್ತೇನಮ್ಮಾ? ಫ್ರಿಜ್ಜಲ್ಲಿ ಇಕ್ಕಿದ್ದೀಯ?"

"ನಿನ್ನ ಅಳಿಯಂದಿರ ಕಾಡು ಅಮ್ಮ ಅದು. ಮಲಗೈತಂತೆ."

ಮುನಿಗಂಗಮ್ಮ ಒಂದು ಕಡ್ಡಿಯನ್ನು ಮುಟ್ಟಿ ನೋಡಿದರು. "ಅಯ್ಯೋ ಪಾಪಂ, ಮಂಜುಗಡ್ಡೆ ಇದ್ದಂಗೈತೆ" ಎಂದು ಸೆರಗನ್ನು ತಾವೇ ಬಿಗಿಯಾಗಿ ಹೊದ್ದುಕೊಂಡರು.

ರಾಮಾಂಜಿನಪ್ಪನವರಿಗೆ ಇದೊಂದೂ ಗೊತ್ತಿಲ್ಲ. ತಮ್ಮ ಆಜ್ಞೆಗೆ ತಾವೇ ವಿನಾಯಿತಿ ಕೊಟ್ಟುಕೊಂಡು ಸಂಜೆಗೊಮ್ಮೆ ಬಾಗಿಲನ್ನು ಬೆರಳಷ್ಟು ತೆರೆಯುತ್ತಿದ್ದರು. ಒಳಗಿನ ದೀಪ ಹುಣ್ಣಿಮೆಯಂತೆ ಬೋಳು ಕೊಂಬೆಗಳ ಮೇಲೆ ಬೀಳುತ್ತಿತ್ತು. ಅವರು ಉಸಿರು ಬಿಗಿಹಿಡಿದು ನೋಡಿ, ಮಲಗಿದ ಕೂಸಿನ ಕೋಣೆಯಿಂದ ಬರುವವರ ಹಾಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬರುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಕೊಂಬೆಗಳ ತುದಿಯಲ್ಲಿ ಕೆಂಪಾದದ್ದೇನೋ ಕಂಡಿತು. ಹಸುಗೂಸಿನ ಬೆರಳಿನಂಥ ಎಲೆಗಳು ಮಡಿಕೆ ಬಿಚ್ಚುತ್ತಿದ್ದವು! ರಾಮಾಂಜಿನಪ್ಪನವರು ಫ್ರಿಜ್ಜನ್ನೇ ತಬ್ಬಿಕೊಂಡರು. ಎರಡು ತಿಂಗಳು ತುಂಬುವ ಮುಂಚೆಯೇ ಎದ್ದಿದ್ದೇಕೆ ಎಂಬ ಪ್ರಶ್ನೆ ಆ ಆನಂದದಲ್ಲಿ ಹತ್ತಿರ ಸುಳಿಯಲಿಲ್ಲ.

ಚಿಕ್ಕಬಳ್ಳಾಪುರದ ಫಲಪುಷ್ಪ ಪ್ರದರ್ಶನಕ್ಕೆ ಗಿಡ ಆರಿಸಲು ಓಡಾಡುತ್ತಿದ್ದ ಭಾನುಪ್ರಕಾಶ್‌ಗೆ ಸುದ್ದಿ ಹೋಯಿತು. ಭಾನುವಾರ ಅವರು ಬಂದಾಗ ಕಾಡು ನಡುಮನೆಯ ಮೇಜಿನ ಮೇಲೆ, ಕಿಟಕಿಯ ಬೆಳಕಿನಲ್ಲಿ ಉರಿಯುತ್ತಿತ್ತು. ಭಾನುಪ್ರಕಾಶ್ ಮೇಜಿಗೆ ಒಂದು ಸುತ್ತು ಬಂದರು. ಆಮೇಲೆ, "ಹೆಂಗೆ ಸಾರ್ ಇದು?" ಎಂದರು.

"ಶೈತ್ಯ!" ರಾಮಾಂಜಿನಪ್ಪನವರು ಒಂದು ಬೆರಳೆತ್ತಿದರು. "ಅಖಂಡ ಶೈತ್ಯ! ಹಗಲೂ ರಾತ್ರಿ ಒಂದೇ ಸಮ ತಣ್ಣಗೆ, ಕತ್ತಲೆ. ಬಿಸಿಲಿನ ಒಂದು ಎಳೆಯೂ ಸೋಕಬಾರದು."

"ಸೋಕಬಾರ್ದು ಅಂದ್ರೆ?" ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುನಿಗಂಗಮ್ಮನವರಿಗೆ ತಡೆಯಲಾಗಲಿಲ್ಲ. "ದಿನಾ ನೀವು ಆಫೀಸಿಗೆ ಹೋಗ್ತಿದ್ದಂಗೆ ನಾವು ಆಚೆ ತೆಗೆದು ಬಿಸಿಲಿಗೆ ಕೂರಿಸ್ತಿದ್ವಲ್ಲ ಅಳಿಯಂದ್ರೇ!"

ರಾಮಾಂಜಿನಪ್ಪನವರ ಬೆರಳು ಗಾಳಿಯಲ್ಲೇ ನಿಂತಿತು.

ಉಸಲಿ ತಟ್ಟೆ ತಂದ ಯಶೋದಮ್ಮ ನೆಲ ನೋಡುತ್ತಾ ಹೇಳಿದರು. "ಅಮ್ಮ ಪಾಪ ಅಂದ್ಳು, ನಂಗೂ ಪಾಪ ಅನ್ನಿಸ್ತು. ಅಡುಗೆಮನೆ ಕಿಟಕಿ ಹತ್ರ ಇಟ್ಕೊಂಡು ಪಕ್ಕದಲ್ಲೇ ಕಾಳು ಹಿತುಕ್ತಾ ಕೂತ್ಕೋತಿದ್ವಿ. ನೀವು ಬರೋ ಹೊತ್ತಿಗೆ ಮತ್ತೆ ಮಲಗಿಸ್ತಿದ್ದೆ."

"ನನ್ನ ಕಾಡನ್ನ ನೀನು..."

"ಬರೀ ಇಟ್ಕೊಂಡಿದ್ದಲ್ಲ, ನಾನೂ ಒಳಗೆ ಹೋಗಿ ಬಂದೆ." ಯಶೋದಮ್ಮ ಈಗ ತಲೆ ಎತ್ತಿದರು. ಆ ಕಣ್ಣಲ್ಲಿ ರಾಮಾಂಜಿನಪ್ಪನವರು ಎಂದೂ ಕಾಣದ ಮಂಜೊಂದು ಇತ್ತು. "ಆ ತಿರುವಿನ ಆಚೆ ಏನೈತೆ, ಗೊತ್ತಾ ನಿಮಗೆ?"

ಅವರಿಗೆ ಗೊತ್ತಿರಲಿಲ್ಲ. ಅಷ್ಟು ದೂರ ಹೋಗಲು ಅವರಿಗೆ ಒಂದು ಸಲವೂ ಆಗಿರಲಿಲ್ಲ.

"ಒಂದು ಚಪ್ಪಟೆ ಬಂಡೆ ಐತೆ. ಎಳೆಬಿಸಿಲು ಬಿದ್ದು ಬೆಚ್ಚಗಿರುತ್ತೆ. ಅಲ್ಲಿ ಮಲಗಿದ್ರೆ ಯಾರೂ ಕೂಗಲ್ಲ."

ಭಾನುಪ್ರಕಾಶ್ ಕುರ್ಚಿಯನ್ನು ರಾಮಾಂಜಿನಪ್ಪನವರ ಕಡೆಯಿಂದ ಯಶೋದಮ್ಮನವರ ಕಡೆಗೆ ತಿರುಗಿಸಿಕೊಂಡರು. "ಅಮ್ಮಾ, ಹಗಲು ಬಿಸಿಲು, ರಾತ್ರಿ ಚಳಿ! ಬೆಟ್ಟದ ಸೀಮೇಲಿ ವಸಂತ ಬರೋದೇ ಹಂಗಲ್ವಾ? ಎಷ್ಟು ಹೊತ್ತಿಗೆ ಆಚೆ ತೆಗೀತಿದ್ರಿ, ಸ್ವಲ್ಪ ಹೇಳಿ."

ಪ್ರದರ್ಶನದ ದಿನ ಕಾಡಿನ ಮುಂದಿನ ಚೀಟಿಯಲ್ಲಿ 'ಶ್ರೀಮತಿ ಯಶೋದಮ್ಮ, ಶಿಡ್ಲಘಟ್ಟ' ಎಂದಿತ್ತು. ರೇಷ್ಮೆ ಸೀರೆಯುಟ್ಟ ಯಶೋದಮ್ಮ ಬಂದವರಿಗೆಲ್ಲ, "ಮೊದ್ಲು ಮಲಗಿಸ್ಬೇಕು, ಆಮೇಲೆ ಮೆತ್ತಗೆ ಎಬ್ಬಿಸ್ಬೇಕು" ಎಂದು ಹೇಳುತ್ತಿದ್ದರು. ರಾಮಾಂಜಿನಪ್ಪನವರು ನೀರು ಚಿಮುಕಿಸುವ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತು, ಶೈತ್ಯದ ಬಗ್ಗೆ ಯಾರಾದರೂ ಕೇಳಿಯಾರು ಎಂದು ಕಾದರು. ಪತ್ರಿಕೆಯ ಫೋಟೋದವನು ಕೇಳಿದ್ದು ಬೇರೆ: "ಸಾರ್, ಸ್ವಲ್ಪ ಆ ಕಡೆ ಹೋಗ್ತೀರಾ? ಮರ ಮರೆಯಾಗ್ತೈತೆ."

ಅವರು ಸರಿದರು. ಇನ್ನೂ ಸ್ವಲ್ಪ ಎಂದ. ಇನ್ನೂ ಸರಿದರು. "ಏನ್ರೀ, ಇದನ್ನೊಂಚೂರು ಹಿಡ್ಕೊಳ್ಳಿ" ಎಂದು ಯಶೋದಮ್ಮ ತಮ್ಮ ಚೀಲವನ್ನು ಅವರ ಕೈಗೆ ದಾಟಿಸಿ, ಕಾಡಿನ ಕಡೆ ತಿರುಗಿ ನಕ್ಕರು.

ಮರುದಿನದ ಪತ್ರಿಕೆಯಲ್ಲಿ ಚಿತ್ರ ಚೆನ್ನಾಗಿ ಬಂದಿತ್ತು. ಕೆಂಪಗೆ ಚಿಗುರಿದ ಕಾಡು, ಅದರ ಪಕ್ಕ ಕನಸು ಕಾಣುತ್ತಾ ನಿಂತ ಯಶೋದಮ್ಮ. ಎಡಗಡೆಯ ಅಂಚಿನಲ್ಲಿ, ಹೆಂಗಸರ ಚೀಲವನ್ನು ಭದ್ರವಾಗಿ ಹಿಡಿದ ಒಂದು ಗಂಡಸಿನ ಕೈ.